ನಾಲ್ಕನೇ ಕುರ್ಚಿ

ಫೆಬ್ರವರಿ 3, 2025, ಸೋಮವಾರ

ಪ್ರತಿದಿನ ಕಲಿತದ್ದನ್ನು ಸಂಜೆ ಬರೆದಿಡಬೇಕು ಎಂದು ಫರಾಜ ಹೇಳಿದ್ದಾನೆ. ಅವನು ನನ್ನ ವಿದ್ಯಾರ್ಥಿಯಾಗಿದ್ದಾಗ ಇದೇ ಮಾತನ್ನು ನಾನು ಅವನ ತರಗತಿಗೆ ಹೇಳುತ್ತಿದ್ದೆನಂತೆ. ನನಗೆ ನೆನಪಿಲ್ಲ. ಈಗ ಅವನು ನನಗೆ ಕಲಿಸುವವನು. "ಮೇಡಂ, ನೀವು ನಿಂತು ನಾ ಕುಂತು ಮಾತಾಡೋದು ಸರಿ ಅನಸವಲ್ದು, ಕೂಡ್ರಿ ಮೊದಲ" ಎಂದು ತನ್ನ ಕುರ್ಚಿಯನ್ನೇ ಕೊಟ್ಟ.

ಆಫೀಸು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ಒಂದು ಬೇಕರಿಯ ಮೇಲೆ. ದಿನವಿಡೀ ಬ್ರೆಡ್ಡಿನ ವಾಸನೆ. ಆಸ್ಪತ್ರೆಗಳಿಗೆ, ನರ್ಸಿಂಗ್ ಹೋಮ್‌ಗಳಿಗೆ ವೆಬ್ ಅಪ್ಲಿಕೇಶನ್ ಕಟ್ಟಿಕೊಡುವ ಚಿಕ್ಕ ಕಂಪನಿ. ಮಾಲೀಕ ಕಪಿಲ ನನಗಿಂತ ಹತ್ತು ವರ್ಷ ಚಿಕ್ಕವನು. ಮುಚ್ಚುಮರೆ ಇಲ್ಲದೆ ಹೇಳಿದ: "ಮೂರು ತಿಂಗಳು ಕಲೀರಿ ಮೇಡಂ. ಅಷ್ಟರಾಗ ಒಂದು ಕೆಲಸ ಪೂರ್ತಿ ನಿಮ್ಮ ಕೈಯಿಂದನ ಆಗಬೇಕು. ಅದು ನಿಂತ್ರ ನೀವೂ ನಿಂತ್ರಿ. ಇಲ್ಲಾಂದ್ರ ನನ್ನ ಕಡೆ ಜಾಗಾ ಇಲ್ಲ." ಎಂಸಿಎ ಮಾಡಿ ಇಪ್ಪತ್ತನಾಲ್ಕು ವರ್ಷವಾಯಿತು. ಕಲಿಸುತ್ತಿದ್ದ ಕಾಲೇಜಿನವರು ಕಂಪ್ಯೂಟರ್ ವಿಭಾಗವನ್ನೇ ಮುಚ್ಚಿದರು. ಬೇರೆ ಎಲ್ಲಿಯೂ ಕರೆಯಲಿಲ್ಲ. ನಾನು, ಅತ್ತೆ, ಇಬ್ಬರ ಮನೆ ಇದರ ಮೇಲೆಯೇ ನಡೆಯಬೇಕು. ಆಗಲಿ ಎಂದೆ.

ಕಲಿಯಬೇಕಾದದ್ದು ವಿಕೆಟ್ ಎಂಬ ಜಾವಾ ಫ್ರೇಮ್‌ವರ್ಕ್. ಇದರಲ್ಲಿ ಪುಟವನ್ನು ಒಂದೇ ಏಟಿಗೆ ಬರೆಯುವುದಿಲ್ಲ, ತುಂಡುಗಳಾಗಿ ಕಟ್ಟುತ್ತಾರೆ. ಹೆಸರು ತೋರಿಸುವ ಲೇಬಲ್ ಒಂದು ತುಂಡು, ಒತ್ತುವ ಗುಂಡಿ ಇನ್ನೊಂದು. ಒಂದೊಂದಕ್ಕೂ ಕಾಂಪೊನೆಂಟ್ ಎನ್ನುತ್ತಾರೆ. ಅದು ಎಲ್ಲಿ ಕೂರಬೇಕು ಎನ್ನುವುದು ಎಚ್‌ಟಿಎಂಎಲ್ ಹಾಳೆಯಲ್ಲಿ, ಏನು ಮಾಡಬೇಕು ಎನ್ನುವುದು ಜಾವಾದಲ್ಲಿ. ಎರಡೂ ಕಡೆ ಒಂದೇ ಗುರುತು ಇರಬೇಕು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಪುಟ ತೆರೆಯುವುದಿಲ್ಲ.

ಮೊದಲಾಗಿದ್ದರೆ ಇದರಲ್ಲಿ ಒಂದು ಉಪಮೆ ಹುಡುಕುತ್ತಿದ್ದೆ. ಇವತ್ತು ಟಿಪ್ಪಣಿ ಮಾಡಿಕೊಂಡೆ, ಅಷ್ಟೆ.

ಮೊದಲ ಅಭ್ಯಾಸ: ಒಂದು ಲೇಬಲ್ ಮಾಡಿ ಪರದೆಯ ಮೇಲೆ ಯಾವುದಾದರೂ ಹೆಸರು ಬರುವಂತೆ ಮಾಡಬೇಕು. ಅಂಬರೀಷ ಎಂದು ಬರೆದೆ. ಬಂತು. ಫರಾಜ ಹಿಂದೆ ನಿಂತು ನೋಡಿದ. ಚಹಾ ಹೇಳಿ ಬರುತ್ತೇನೆ ಎಂದು ಕೆಳಗೆ ಹೋದ.

ಅಂಬರೀಷ ಹೋಗಿ ಎಂಟು ತಿಂಗಳಾಯಿತು. ಗಂಡನ ಹೆಸರೇ ಯಾಕೆ ಎಂದರೆ, ಬೇರೆ ಹೆಸರು ಹೊಳೆಯಲಿಲ್ಲ.

ಫೆಬ್ರವರಿ 5, ಬುಧವಾರ

ಇಡೀ ದಿನ ಒಂದೇ ದೋಷ. ಹಾಳೆಯಲ್ಲಿ ಜಾಗ ಮಾಡಿಟ್ಟು ಜಾವಾದಲ್ಲಿ ತುಂಡು ಸೇರಿಸಲು ಮರೆತಿದ್ದೆ. ಪಕ್ಕದ ಮೇಜಿನ ಸಂಪದಾ ಒಮ್ಮೆ ಬಗ್ಗಿ ನೋಡಿ ಬೆರಳಿಟ್ಟು ತೋರಿಸಿದಳು. ಇಪ್ಪತ್ಮೂರು ವರ್ಷದ ಹುಡುಗಿ. "ಎಲ್ಲಾರಿಗೂ ಆಗ್ತದ್ರಿ ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು. ಬೇಸರ ಆಗಿರಲಿಲ್ಲ. ಆಗಬೇಕಿತ್ತೇನೋ.

ಧಾರವಾಡದ ಸಪ್ತಾಪುರದ ಮನೆ ತಲುಪುವಾಗ ಕತ್ತಲಾಗಿತ್ತು. ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಏನ ಕಲಿಯಾಕತ್ತಿ ಅಂದಿ?"

"ವಿಕೆಟ್."

"ಈ ವಯಸ್ಸಿನ್ಯಾಗ ಕ್ರಿಕೆಟ್ ಆಡಾಕ ಹುಬ್ಬಳ್ಳಿಗೆ ಹೋಗ್ತಿ? ಧಾರವಾಡದಾಗ ಗ್ರೌಂಡ ಇರಲಿಲ್ಲೇನ?"

ನನ್ನನ್ನು ನಗಿಸಲು ಹೇಳಿದ್ದು. ಗರಗದ ಖಾದಿ ಕೇಂದ್ರದಲ್ಲಿ ನೂಲು ತೆಗೆದ ಕೈ ಅವರದು. ಸಾವಕ್ಕನ ಬಾಯಿ ಅವಳ ಕೈಗಿಂತ ಚುರುಕು ಎಂದು ಅಲ್ಲಿಯವರು ಹೇಳುತ್ತಿದ್ದರಂತೆ. ನಗಬೇಕೆಂದು ಗೊತ್ತಾಯಿತು. ರೊಟ್ಟಿ ಉಂಡೆ.

ಬಾಟಲಿಯಲ್ಲಿ ಸ್ವಲ್ಪ ನೀರು ಉಳಿದಿತ್ತು. ಅಂಬರೀಷನ ರಾತ್ರಿಯ ಗುಳಿಗೆಗೆಂದು ಯಾವಾಗಲೂ ಅಷ್ಟು ಉಳಿಸುತ್ತಿದ್ದೆವು. ನನಗೆ ಗುಳಿಗೆ ಇಲ್ಲ.

ಫೆಬ್ರವರಿ 11, ಮಂಗಳವಾರ

ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬಹಳ ದಿನದ ಮೇಲೆ ಚೀಲದಲ್ಲಿ ಕವಿತೆಯ ಪುಸ್ತಕ ಇಟ್ಟುಕೊಂಡು ಹೋಗಿದ್ದೆ. ನವನಗರ ಬರುವವರೆಗೂ ಅವೇ ನಾಲ್ಕು ಸಾಲು ಓದಿದೆ. ಶಬ್ದಗಳು ಸರಿಯಾಗಿದ್ದವು. ವ್ಯಾಕರಣ ಸರಿಯಾಗಿತ್ತು. ಮುಚ್ಚಿಟ್ಟೆ.

ಕಲಿತದ್ದು: ಒಂದು ತುಂಡಿನೊಳಗೆ ಇನ್ನೊಂದನ್ನು ಇಡಬಹುದು. ಹಾಳೆಯಲ್ಲಿ ಒಳಗಿದ್ದದ್ದು ಜಾವಾದಲ್ಲೂ ಒಳಗೇ ಇರಬೇಕು.

ಫೆಬ್ರವರಿ 20, ಗುರುವಾರ

ನನ್ನ ಕೆಲಸ ಯಾವುದೆಂದು ಕಪಿಲ ಇವತ್ತು ಹೇಳಿದ. ವಿದ್ಯಾನಗರದಲ್ಲಿ ಒಂದು ಟ್ರಸ್ಟ್ ನಡೆಸುವ ಡಯಾಲಿಸಿಸ್ ಕೇಂದ್ರ. ಅಲ್ಲಿ ಯಾವ ಕುರ್ಚಿಯಲ್ಲಿ ಯಾರು, ಅವರ ತೂಕ ಎಷ್ಟು, ಬಂದಿದ್ದಾರೋ ಇಲ್ಲವೋ ಎಂದು ಗೋಡೆಯ ಟಿವಿಯ ಮೇಲೆ ತೋರಿಸುವ ಬೋರ್ಡು. ಈಗ ಬಿಳಿ ಹಲಗೆಯ ಮೇಲೆ ಬರೆದು ಅಳಿಸುತ್ತಾರೆ.

"ಜಾಗಾ ನಿಮಗ ಗೊತ್ತಾಗಬೇಕಂದ್ರ..." ಎಂದು ದಾರಿ ಹೇಳಲು ಶುರುಮಾಡಿದ.

ಗೊತ್ತಿದೆ ಎಂದೆ.

ಅಂಬರೀಷ ಐದು ವರ್ಷ ಅಲ್ಲಿಗೇ ಹೋಗುತ್ತಿದ್ದ. ಸೋಮವಾರ, ಗುರುವಾರ, ಮುಂಜಾನೆಯ ಪಾಳಿ. ನಾಲ್ಕನೇ ಕುರ್ಚಿ. ಕಪಿಲನಿಗೆ ಇದು ತಿಳಿದಿಲ್ಲ. ಫರಾಜನಿಗೆ ತಿಳಿದಿದೆ. ಕಪಿಲ ಎದ್ದುಹೋದ ಮೇಲೆ, "ಮೇಡಂ, ಬ್ಯಾರೆ ಕೆಲಸಾನೂ ಐತ್ರಿ, ನಾ ಕೇಳ್ತೇನಿ" ಎಂದ. ಬೇಡ ಎಂದೆ. ಇನ್ನೊಂದು ಕೆಲಸ ಸಿಗುವವರೆಗೆ ಕಾಯಲು ನನ್ನಲ್ಲಿ ತಿಂಗಳುಗಳಿಲ್ಲ.

ಕೇಂದ್ರಕ್ಕೆ ಹೋಗಿ ಅಳತೆ, ವಿವರ ತರಲು ಸಂಪದಾಳನ್ನು ಕಳಿಸಿದರು.

ಮಾರ್ಚ್ 4, ಮಂಗಳವಾರ

ಫರಾಜನ ರೋಜಾ, ರಂಜಾನ್ ತಿಂಗಳ ಉಪವಾಸ, ಶುರುವಾಗಿದೆ. ಬೇಕರಿಯ ವಾಸನೆಯ ನಡುವೆ ಅವನು ಮಧ್ಯಾಹ್ನವಿಡೀ ಕಲಿಸುತ್ತಾನೆ. ಇವತ್ತು ನಡುವೆ ನಿಲ್ಲಿಸಿ, "ಮೇಡಂ, ರೋಜಾ ನನಗ್ರಿ, ನಿಮಗಲ್ಲ. ನೀವ್ ಯಾಕ ನೀರ ಕುಡಿಯವಲ್ರಿ?" ಎಂದ.

ಬಾಟಲಿ ತೆಗೆದು ಒಂದು ಗುಟುಕು ಕುಡಿದೆ. ಗೆರೆ ನೋಡಿ ಮುಚ್ಚಿದೆ.

ಕಲಿತದ್ದು ಮುಖ್ಯವಾದದ್ದು, ಸರಿಯಾಗಿ ಬರೆದಿಡುತ್ತೇನೆ. ಲೇಬಲ್ಲಿಗೆ ಎರಡು ರೀತಿಯಲ್ಲಿ ಹೆಸರು ಕೊಡಬಹುದು. ಒಂದು, ಹೆಸರನ್ನೇ ಕೈಗೆ ಕೊಡುವುದು. ಪುಟ ಹುಟ್ಟುವಾಗ ಏನು ಕೊಟ್ಟೆವೋ ಅದನ್ನೇ ಅದು ಕೊನೆಯವರೆಗೂ ತೋರಿಸುತ್ತದೆ. ಇನ್ನೊಂದು, ಹೆಸರನ್ನು ಕೊಡದೆ, ಅದು ಎಲ್ಲಿ ಸಿಗುತ್ತದೆ ಎಂಬ ದಾರಿಯನ್ನು ಮಾತ್ರ ಕೊಡುವುದು. ಇದಕ್ಕೆ ಮಾಡೆಲ್ ಎನ್ನುತ್ತಾರೆ. ಆಗ ಲೇಬಲ್ ಪ್ರತಿ ಸಲ ಹೋಗಿ ಕೇಳಿ ಬರುತ್ತದೆ, ಕೆಲಸ ಮುಗಿದೊಡನೆ ಕೈಬಿಡುತ್ತದೆ. ಮತ್ತೆ ಬೇಕಾದಾಗ ಮತ್ತೆ ಕೇಳುತ್ತದೆ.

"ಹಿಡಕೊಂಡು ಕೂಡೋದಿಲ್ಲರಿ ಅದು" ಎಂದ ಫರಾಜ. "ಹೊಸಬ್ರು ಎಲ್ಲಾರೂ ಇಲ್ಲೇ ತಪ್ಪೋದು."

ತಪ್ಪುವುದಿಲ್ಲ ಎಂದುಕೊಂಡೆ. ಸುಲಭವಾಗಿಯೇ ಇದೆ.

ಮಾರ್ಚ್ 9, ಭಾನುವಾರ

ಬಿಸಿಲು ಜೋರಾಗಿದೆ. ಅತ್ತೆ ಮಣ್ಣಿನ ಹರವಿಯಿಂದ ತಂಬಿಗೆ ತುಂಬಿ ಗಟಗಟ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದರು. ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ.

"ದಿನಕ್ಕ ಒಂದ ಲೀಟರ ನೀರಂತ ಅವಗ ಡಾಕ್ಟರ ಹೇಳಿದ್ರು. ನಿನಗ ಯಾರ ಹೇಳ್ಯಾರ?"

ರೂಢಿ ಎಂದೆ.

ಉಗುರುಬಣ್ಣದಿಂದ ಬಾಟಲಿಗೆ ಗೆರೆ ಎಳೆದವಳು ನಾನೇ. ಚಹಾ, ಸಾರು, ಮಜ್ಜಿಗೆ, ಎಲ್ಲ ಸೇರಿ ದಿನಕ್ಕೆ ಅಷ್ಟು. ಅವನ ಎದುರು ನಾನು ಹೇಗೆ ಕುಡಿಯುವುದು ಎಂದು ಎರಡನೇ ಬಾಟಲಿಗೂ ಗೆರೆ ಎಳೆದೆ. ಅವನು ಬೈದ. ಆಮೇಲೆ ಬೈಯುವುದನ್ನು ಬಿಟ್ಟ. ಬೇಸಿಗೆಯಲ್ಲಿ ಇಬ್ಬರೂ ಒಂದೊಂದು ಐಸಿನ ತುಣುಕು ಬಾಯಲ್ಲಿಟ್ಟುಕೊಂಡು ಯಾರದು ಹೆಚ್ಚು ಹೊತ್ತು ಉಳಿಯುತ್ತದೆ ನೋಡುತ್ತಿದ್ದೆವು.

"ನನ್ನ ಮಗ ಬಾಯಾರಿಕಿಂದ ಹ್ವಾದ" ಎಂದರು ಅತ್ತೆ. "ನೀನರ ಕುಡಿ."

ನಾನು ಒಗೆದ ಬಟ್ಟೆ ತರಲು ಮೇಲೆ ಹೋದೆ.

ಮಾರ್ಚ್ 12, ಬುಧವಾರ

ಬೋರ್ಡಿನ ಒಂದು ಕುರ್ಚಿಯ ಫಲಕ ಸಿದ್ಧವಾಯಿತು. ಮೂರು ಲೇಬಲ್: ಹೆಸರು, ತೂಕ, ಸ್ಥಿತಿ. ಒಂದು ಫಲಕ ಮಾಡಿದರೆ ಸಾಕು, ವಿಕೆಟ್ ಅದನ್ನೇ ಎಲ್ಲ ಕುರ್ಚಿಗಳಿಗೂ ಮತ್ತೆ ಮತ್ತೆ ಬಳಸುತ್ತದೆ. ಹತ್ತು ಸೆಕೆಂಡಿಗೊಮ್ಮೆ ಫಲಕಗಳು ತಾವೇ ಹೊಸದಾಗಿ ಬರೆದುಕೊಳ್ಳುತ್ತವೆ. ಪಾಳಿ ಬದಲಾದಾಗ ಒಂದು ಗುಂಡಿ ಒತ್ತಿದರೆ ಇಡೀ ಪುಟವೇ ಹೊಸದು.

ಸ್ಥಿತಿಗೆ ಇಂಗ್ಲಿಷ್ ಪದ ಬೇಡವೆಂದು ನಾನೇ ಹಠ ಹಿಡಿದೆ. ಬರಬೇಕು. ಕುಳಿತಿದ್ದಾರೆ. ಮುಗಿಯಿತು. ಕಾಗದದ ಮೇಲೆ ಬರೆದು ನೋಡಿದಾಗ ಚೆನ್ನಾಗಿ ಕಂಡವು.

ತೂಕಕ್ಕೂ ಸ್ಥಿತಿಗೂ ಮಾಡೆಲ್ ಕೊಟ್ಟೆ, ಅವು ಬದಲಾಗುತ್ತಿರುತ್ತವೆ. ಹೆಸರನ್ನು ನೇರವಾಗಿ ಕೊಟ್ಟೆ.

"ಹೆಸರಿಗೆ ಮಾಡೆಲ್ ಬ್ಯಾಡೇನ್ರಿ ಮೇಡಂ?" ಸಂಪದಾ ಕೇಳಿದಳು.

"ಪಾಳಿ ನಡೆದಾಗ ಹೆಸರು ಬದಲಾಗೂದಿಲ್ಲವ್ವ. ಕುರ್ಚಿ ಅವರದು. ಕೂತ್ರ ನಾಲ್ಕು ತಾಸು ಏಳೂದಿಲ್ಲ."

"ಬರಲಿಲ್ಲಂದ್ರ?"

"ಬಂದ ಬರ್ತಾರ."

ಐದು ವರ್ಷದಲ್ಲಿ ಅಂಬರೀಷ ಒಂದು ಪಾಳಿಯೂ ತಪ್ಪಿಸಲಿಲ್ಲ. ಸಾರಿಗೆ ಮುಷ್ಕರ ಇದ್ದಾಗಲೂ ಸ್ಕೂಟರಿನ ಮೇಲೆ ಹೋಗಿದ್ದೇವೆ. ಸಂಪದಾಳಿಗೆ ಇದನ್ನು ಹೇಳಲಿಲ್ಲ. ಅವಳೂ ಒಪ್ಪಿಕೊಂಡಳು.

ನನ್ನ ಯಂತ್ರದಲ್ಲಿ ಪರೀಕ್ಷೆಗೆ ಕೆಲವು ಸುಳ್ಳು ಹೆಸರು ಬೇಕಿದ್ದವು. ನಾಲ್ಕನೆಯದು ಬಿಟ್ಟು ಉಳಿದವನ್ನು ಸಂಪದಾ ತುಂಬಿಕೊಟ್ಟಳು, ಎಲ್ಲ ಅವಳ ಸೋದರಮಾವಂದಿರು. ನಾಲ್ಕರಲ್ಲಿ ನಾನು ಮೊದಲ ದಿನ ಅಭ್ಯಾಸಕ್ಕೆ ಬರೆದ ಹೆಸರೇ ಇರಲಿ ಎಂದೆ. ಸ್ಥಿತಿ: ಕುಳಿತಿದ್ದಾರೆ.

ಮಾರ್ಚ್ 21, ಶುಕ್ರವಾರ

ಇವತ್ತು ನಾನೇ ಹೋಗಬೇಕಾಯಿತು. ಸಂಪದಾಳಿಗೆ ಜ್ವರ.

ಮೆಟ್ಟಿಲು, ಫಿನಾಯಿಲ್, ತೂಕದ ಯಂತ್ರದ ಪಕ್ಕದ ಕ್ಯಾಲೆಂಡರ್. ಏನೂ ಆಗಲಿಲ್ಲ. ಎದೆ ಹೊಡೆದುಕೊಳ್ಳಬಹುದು ಎಂದುಕೊಂಡಿದ್ದೆ. ಒಂದು ಅಂಗಡಿಗೆ ಹೋದ ಹಾಗೆ ಒಳಗೆ ಹೋದೆ.

ತಂತ್ರಜ್ಞ ಮೈಲಾರಿ ನೋಡಿದೊಡನೆ ಕೈಗವಸು ತೆಗೆದ. "ಅಕ್ಕಾರ" ಎಂದ. ಸ್ಟೂಲು ತಂದುಕೊಟ್ಟ. ಬೋರ್ಡಿನ ನಮೂನೆ ತೋರಿಸಿದೆ. ಎಲ್ಲ ಒಪ್ಪಿದ, ಒಂದು ಬಿಟ್ಟು.

"ಮುಗಿಯಿತು ಅಂತ ಬ್ಯಾಡ್ರಿ ಅಕ್ಕಾರ. ಇಲ್ಲಿ ಆ ಶಬ್ದ ನಾವ್ಯಾರೂ ಬಾಯಾಗ ತರೂದಿಲ್ಲ. ಊಟ ಮುಗೀತು ಅಂತನೂ ಅನ್ನೂದಿಲ್ಲ, ಊಟ ಆತು ಅಂತೇವಿ."

ಅದನ್ನು ತೆಗೆದು 'ಮನೆಗೆ ಹೊರಟರು' ಎಂದು ಬರೆದುಕೊಂಡೆ. ಮೈಲಾರಿ ತಲೆಯಾಡಿಸಿದ.

ನಾಲ್ಕನೇ ಕುರ್ಚಿಯಲ್ಲಿ ಈಗ ಮಕಬೂಲಸಾಬ ಎನ್ನುವವರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರು. ಅವರದು ಸೋಮವಾರ, ಗುರುವಾರ. ನಿನ್ನೆ ಮೈಯಲ್ಲಿ ನೀರು ಹೆಚ್ಚಾಗಿದ್ದರಿಂದ ಇವತ್ತೂ ಕರೆಸಿದ್ದರು. ನಾನು ಏನು ಬರೆಯುತ್ತಿದ್ದೇನೆಂದು ತಿಳಿದುಕೊಂಡು, "ನನ್ನ ಹೆಸರ ದೊಡ್ಡ ಅಕ್ಷರದಾಗ ಬರೀರಿ. ಇಲೆಕ್ಷನ್‌ಗ ನಿಂತಾನ ಅಂತ ತಿಳೀಲಿ ಮಂದಿ" ಎಂದರು.

"ರೋಜಾದಾಗ ಸುಳ್ಳ ಪ್ರಚಾರ ಮಾಡಬಾರದ್ರಿ ಚಾಚಾ" ಎಂದ ಮೈಲಾರಿ.

"ನನಗ್ಯಾವ ರೋಜಾನೋ, ನಂದು ವರ್ಷ ಪೂರಾ ನಡದೈತಿ."

ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ. ಸಿತಾರಾ ಎಂದು ಹೆಸರು. ನನ್ನ ಜಾಗದಲ್ಲೇ ಕೂತಿದ್ದರು, ಕಂಬಕ್ಕೆ ಒರಗಿ. ಕಾಲ ಬಳಿ ನೀರಿನ ಬಾಟಲಿ, ಅದರ ನಡುವಿಗೆ ಒಂದು ರಬ್ಬರ್ ಬ್ಯಾಂಡ್. ರಬ್ಬರ್ ಬ್ಯಾಂಡ್ ಒಳ್ಳೆಯದು, ಬೇಕಾದಲ್ಲಿಗೆ ಸರಿಸಬಹುದು. ನನಗೆ ಹೊಳೆದಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ಫರಾಜ ಹಬ್ಬದ ಪಾಯಸ, ಶೀರ್ ಖುರ್ಮಾ ತಂದಿದ್ದ. ಅತ್ತೆಗೆಂದು ಬೇರೆ ಡಬ್ಬಿ. ಸಿಹಿ ಇತ್ತು.

ಏಪ್ರಿಲ್ 7, ಸೋಮವಾರ

ಬೋರ್ಡು ಶುರುವಾಯಿತು. ಒಂದು ವಾರ ಪರೀಕ್ಷೆ, ಆಮೇಲೆ ಟ್ರಸ್ಟಿನವರು ಒಪ್ಪಿಗೆ ಕೊಡುವುದು. ದಿನಾ ಮುಂಜಾನೆ ನಾನು ಅಲ್ಲಿ ಇರಬೇಕೆಂದು ಕಪಿಲ ಹೇಳಿದ್ದಾನೆ.

ಮಕಬೂಲಸಾಬರು ಗೋಡೆಯ ಮೇಲೆ ತಮ್ಮ ಹೆಸರು ನೋಡಿ ಸುತ್ತಲಿನವರಿಗೆ ಕೈಮುಗಿದರು. ಎಲ್ಲರೂ ನಕ್ಕರು. ಬೋರ್ಡಿನಲ್ಲಿ ಒಂದೂ ತಪ್ಪಿಲ್ಲ. ಫರಾಜ ಹೆಬ್ಬೆರಳು ಎತ್ತಿ ತೋರಿಸಿದ. ಸಂತೋಷದ ದಿನ ಎಂದು ಬರೆದಿಡುತ್ತೇನೆ.

ಏಪ್ರಿಲ್ 10, ಗುರುವಾರ

ಎಂಟೂವರೆಗೆ ಕೇಂದ್ರ ತಲುಪಿದೆ. ಒಳಗೆ ಕಾಲಿಡುವಾಗಲೇ ಯಾರೋ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು.

"ನಾ ವೆಂಕಣ್ಣ. ನನ್ನ ಹೆಸರು ವೆಂಕಣ್ಣ ಅಂತ ನನಗ ಗೊತ್ತದ. ನಿಮ್ಮ ಟಿವಿಗೆ ಗೊತ್ತಿಲ್ಲ."

ನಾಲ್ಕನೇ ಕುರ್ಚಿಯಲ್ಲಿ ನಾನು ನೋಡದ ಒಬ್ಬ ಮುದುಕರು. ಕೊಳವೆ ಹಾಕಿ ಆಗಿತ್ತು, ಯಂತ್ರ ತಿರುಗುತ್ತಿತ್ತು. ಮೈಲಾರಿ ಕೈಯಲ್ಲಿ ಹಾಳೆ ಹಿಡಿದು ಬೋರ್ಡನ್ನೂ ಅವರನ್ನೂ ನೋಡುತ್ತಿದ್ದ. ಬೋರ್ಡಿನಲ್ಲಿ ತೂಕ ವೆಂಕಣ್ಣನವರದು. ಸ್ಥಿತಿ ವೆಂಕಣ್ಣನವರದು. ಹೆಸರು ಮಾತ್ರ ಮಕಬೂಲಸಾಬ. ನಾಲ್ಕನೇ ಕುರ್ಚಿ, ಮಕಬೂಲಸಾಬ, ಕುಳಿತಿದ್ದಾರೆ.

ಮೈಲಾರಿ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದ. ನಸುಕಿನಲ್ಲಿ ಸಾಬರಿಗೆ ಉಸಿರು ಕಟ್ಟಿತಂತೆ. ಎದುರಿನ ಆಸ್ಪತ್ರೆಗೆ ತಂದರಂತೆ. ಉಳಿಯಲಿಲ್ಲ. ಕಾಯುತ್ತ ಕೂತಿದ್ದ ವೆಂಕಣ್ಣನವರಿಗೆ ಅವನು ಆ ಕುರ್ಚಿ ಕೊಟ್ಟು ಕಂಪ್ಯೂಟರಿನಲ್ಲಿ ಬದಲಾಯಿಸಿದ್ದಾನೆ. "ಎರಡ ಸಲ ಬದಲಿ ಮಾಡಿದೆರಿ. ಹೆಸರ ಹೋಗವಲ್ದು. ನಾ ಹಾಳಿ ನೋಡಿ ಮಿಷನ್ ಹಚ್ಚೇನಿ, ಅದಕ್ಕ ಛಲೋ ಆತು. ಬೋರ್ಡಿನ ಹೆಸರ ನಂಬಿ ಸಾಬರ ಹಾಳಿ ತಗೊಂಡಿದ್ರ ಇವರ ಮೈಯಾಗಿಂದ ಅವರ ಲೆಕ್ಕದ ನೀರ ತೆಗೀತಿದ್ದೆ."

ಯಾಕೆ ಹೋಗುತ್ತಿಲ್ಲ ಎಂದು ನನಗೆ ಅವನು ಹೇಳಿ ಮುಗಿಸುವ ಮೊದಲೇ ಗೊತ್ತಾಗಿತ್ತು. ಆರು ಗಂಟೆಗೆ ಪುಟ ತೆರೆದಾಗ ಕೊಟ್ಟ ಹೆಸರನ್ನು ಆ ಲೇಬಲ್ ಹಿಡಿದುಕೊಂಡು ಕೂತಿದೆ. ಹತ್ತು ಸೆಕೆಂಡಿಗೊಮ್ಮೆ ಹೊಸದಾಗಿ ಬರೆದುಕೊಳ್ಳುತ್ತಿದೆ, ಅದೇ ಹೆಸರನ್ನು.

"ಆರಿಸಿಬಿಡ್ಲೇನ್ರಿ?" ಮೈಲಾರಿ ಟಿವಿಯ ಸ್ವಿಚ್ಚಿಗೆ ಕೈ ಹಾಕಿದ.

"ಆರಸಬ್ಯಾಡೋ ತಮ್ಮಾ."

ಹೇಳಿದವರು ಸಿತಾರಾ, ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರು ಅಲ್ಲಿರುವುದನ್ನು ನಾನು ನೋಡಿರಲಿಲ್ಲ, ಮೈಲಾರಿಯೂ ನೋಡಿರಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಾಗಿಲ ಮೂಲಕ ಬೋರ್ಡನ್ನೇ ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಮಗಾ ಆ ದವಾಖಾನ್ಯಾಗ ಕಾಗದಾ ಮಾಡಸಾಕತ್ತಾನ. ಗಾಡಿ ಬರಬೇಕು. ಎಲ್ಲಿ ಕೂಡಬೇಕಂತ ತಿಳೀಲಿಲ್ರಿ. ಬೇಸ್ತವಾರ ಅಲ್ಲ ಇವತ್ತ, ಕಾಲ ಇಲ್ಲೇ ಬಂದುವು." ಬೋರ್ಡಿನ ಕಡೆ ಕೈ ತೋರಿಸಿದರು: "ಮುಂಜಾನಿಂದ ಎಲ್ಲಾರೂ ಹ್ವಾದ್ರು ಹ್ವಾದ್ರು ಅನ್ನಾಕತ್ತಾರ. ಇಲ್ಲೊಂದ ಕಡೆ ಕೂತಾರ ಅಂತ ಬರದೈತಿ."

ಒಳಗೆ ವೆಂಕಣ್ಣನವರು ಟಿವಿಯಿಂದ ಮುಖ ತಿರುಗಿಸಿಕೊಂಡಿದ್ದರು. ಅವರಿಗೂ ಕೇಳಿಸಿರಬೇಕು.

ನಾನು ಹೇಳಿದೆ, ಅದು ತಪ್ಪು, ಬರೆದವಳು ನಾನೇ, ತೆಗೆಯಬೇಕು, ಆ ಕುರ್ಚಿಯಲ್ಲಿ ಬೇರೆಯವರಿದ್ದಾರೆ. ಇಷ್ಟನ್ನೇ. ದನಿ ನನ್ನದೇ ಇತ್ತು.

"ನಿಮ್ಮ ಯಜಮಾನ್ರೂ ಅಲ್ಲೇ ಕೂಡತಿದ್ರಂತಲ್ಲ. ಮೈಲಾರಿ ಹೇಳ್ಯಾನ."

"ಹೌದ್ರಿ. ಅದ ಕುರ್ಚಿ."

"ಅವರ ಹೆಸರೂ ಹಿಂಗ ಉಳದಿತ್ತೇನ್ರಿ?"

"ಆಗ ಹಲಗಿ ಇತ್ರಿ. ಒರಿಸಿದ್ರು."

ಅವರು ಬೋರ್ಡನ್ನು ಇನ್ನೊಮ್ಮೆ ನೋಡಿದರು. "ಹಂಗಾದ್ರ ತಗೀರಿ. ಪಾಪ, ಆ ಅಜ್ಜಾರಿಗೆ ತ್ರಾಸ ಆಗಬಾರದು."

ಒಳಗೆ ಹೋಗಿ ಪುಟವನ್ನು ಹೊಸದಾಗಿ ತೆರೆದೆ. ವೆಂಕಣ್ಣ ಎಂದು ಬಂತು. ಹೊರಗೆ ಬಂದಾಗ ಸಿತಾರಾ ತುಟಿ ಒಣಗಿ ಕೂತಿದ್ದರು. ಅವರ ಬಾಟಲಿ ಎಲ್ಲೋ ಉಳಿದಿತ್ತು. ನನ್ನದು ಕೊಟ್ಟೆ. ಮುಚ್ಚಳ ತೆಗೆದು ಬಾಯಿಗೆ ಎತ್ತುವ ಮೊದಲು ಗೆರೆ ನೋಡಿದರು, ಬೆರಳಿನಿಂದ ಮುಟ್ಟಿದರು.

"ಎಲ್ಲಿತನಕ ಕುಡೀಲ್ರಿ?"

"ಪೂರಾ ಕುಡೀರಿ."

ಕುಡಿದರು. ನಡುವೆ ಒಮ್ಮೆ ನಿಲ್ಲಿಸಿ ನನ್ನ ಕಡೆ ನೋಡಿದರು, ಮತ್ತೆ ಕುಡಿದರು. ಕುತ್ತಿಗೆ ಮೇಲೆ ಕೆಳಗೆ ಆಗುವುದನ್ನು ನೋಡುತ್ತಿದ್ದೆ. ಮಗ ಬಂದ. ಅವರು ಎದ್ದಾಗ ಒಂದು ಕೈಯಲ್ಲಿ ಬಾಟಲಿ ಇತ್ತು, ಇನ್ನೊಂದು ಕೈಯನ್ನು ಅವನು ಹಿಡಿದುಕೊಂಡ. ಬರಿಗಾಲಿನಲ್ಲಿ ಮೆಟ್ಟಿಲು ಇಳಿದರು.

ಟ್ರಸ್ಟಿನವರು ಬೋರ್ಡು ನಿಲ್ಲಿಸಿದ್ದಾರೆ. ಕಪಿಲ ಕೂಗಾಡಲಿಲ್ಲ. "ನಾಳೆ ಸಂಜಿಗೆ ಅವರ ಮುಂದ ತೋರಸಬೇಕು. ಹೆಸರು ಹೋಗಬೇಕಾದಾಗ ಹೋಗ್ತದ ಅಂತ. ಇಲ್ಲಾಂದ್ರ ನನಗ ಬ್ಯಾರೆ ದಾರಿ ಇಲ್ಲ ಮೇಡಂ" ಎಂದ. ಪರಿಶೀಲಿಸುವುದು ತನ್ನ ಕೆಲಸವಾಗಿತ್ತು, ತನ್ನದೇ ತಪ್ಪು ಎಂದ ಫರಾಜ. ಅಲ್ಲ. ಹೆಸರು ಬದಲಾಗುವುದಿಲ್ಲ ಎಂದವಳು ನಾನು.

ಏಪ್ರಿಲ್ 11, ಶುಕ್ರವಾರ

ಬದಲಾಯಿಸಿದ್ದು ಒಂದು ಸಾಲು. ಹೆಸರಿನ ಬದಲು ಹೆಸರಿನ ದಾರಿ ಕೊಟ್ಟೆ. ಕುರ್ಚಿಯಲ್ಲಿ ಯಾರೂ ಇಲ್ಲದಿದ್ದಾಗ ಏನು ತೋರಿಸಬೇಕು ಎನ್ನುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. 'ಖಾಲಿ' ಎಂದು ಬರೆದು ಅಳಿಸಿದೆ. ಒಂದು ಗೆರೆ ಹಾಕಿ ಅಳಿಸಿದೆ. "ಏನೂ ಬರೀಬ್ಯಾಡ್ರಿ ಮೇಡಂ, ಬಿಟ್ಟಬಿಡ್ರಿ" ಎಂದ ಫರಾಜ. ಬಿಟ್ಟೆ.

ಪರೀಕ್ಷೆ ಮಾಡಬೇಕಿತ್ತು. ಪುಟ ತೆರೆದೇ ಇರಬೇಕು, ಒಂದು ಹೆಸರನ್ನು ತೆಗೆಯಬೇಕು, ಅದು ತಾನಾಗಿ ಪರದೆಯಿಂದ ಹೋಗುತ್ತದೆಯೇ ನೋಡಬೇಕು. ಹೆಸರು ಸಿಕ್ಕಿಬಿದ್ದದ್ದು ನಾಲ್ಕನೇ ಕುರ್ಚಿಯಲ್ಲಿ. ನನ್ನ ಯಂತ್ರದಲ್ಲಿ ನಾಲ್ಕರಲ್ಲಿ ಇದ್ದ ಹೆಸರು ಎಲ್ಲರಿಗೂ ಕಾಣುತ್ತಿತ್ತು.

"ನಾ ಬ್ಯಾರೆ ಹೆಸರ ಹಾಕ್ತೇನ್ರಿ" ಎಂದು ಫರಾಜ ಕೀಬೋರ್ಡಿಗೆ ಕೈ ಚಾಚಿದ.

ಬೇಡ, ಇದರಲ್ಲೇ ನೋಡೋಣ ಎಂದೆ.

ತೆಗೆದೆ. ಪರದೆ ನೋಡಿದೆ. ಅಂಬರೀಷ, ಕುಳಿತಿದ್ದಾರೆ. ಹಾಗೇ ಇತ್ತು. ಕೆಳಗೆ ಬೇಕರಿಯಲ್ಲಿ ಯಾರೋ ಖಾರದ ಬ್ರೆಡ್ಡಿಗೆ ಜಗಳವಾಡುತ್ತಿದ್ದರು. ಹತ್ತು ಸೆಕೆಂಡು ಎಂದು ನಾನೇ ಬರೆದದ್ದು, ಇಷ್ಟು ಉದ್ದ ಇರುತ್ತದೆ ಎಂದು ಗೊತ್ತಿರಲಿಲ್ಲ. ಆಮೇಲೆ ಆ ಜಾಗದಲ್ಲಿ ಏನೂ ಇರಲಿಲ್ಲ. ಪಕ್ಕದ ಕುರ್ಚಿಗಳು ಇದ್ದ ಹಾಗೇ ಇದ್ದವು.

"ಹೋತ್ರಿ" ಎಂದಳು ಸಂಪದಾ ಮೆಲ್ಲಗೆ.

ಎರಡು ಸಲ ನೋಡುವುದು ನಿಯಮ. ಮತ್ತೆ ಆ ಹೆಸರನ್ನು ಹಾಕಲಿಲ್ಲ. ಸಂಪದಾಳ ಹೆಸರು ಹಾಕಿದೆ.

"ಅಯ್ಯ ಮೇಡಂ, ನಮ್ಮ ಸೋದರಮಾವಂದಿರ ಸಾಲಿನ್ಯಾಗ ನನ್ನೂ ಕೂಡ್ಸಿದ್ರೇನ? ಮದಿವಿ ಆಗೋ ಹುಡುಗಿರಿ ನಾ."

ಫರಾಜ ಜೋರಾಗಿ ನಕ್ಕ. ನಾನೂ ನಕ್ಕೆನಂತೆ. ಸಂಪದಾ ಹೇಳಿದಳು. "ನಿಮ್ಮ ಹಲ್ಲು ಇವತ್ತ ನೋಡಿದೆ ನೋಡ್ರಿ" ಎಂದಳು. ಗಂಟಲು ಒಣಗಿತ್ತು. ಫಿಲ್ಟರಿನ ಹತ್ತಿರ ಅವಳ ಲೋಟ ಇತ್ತು, ಅದರಲ್ಲೇ ಕುಡಿದೆ. ತಣ್ಣಗಿತ್ತು, ಮತ್ತೊಂದು ಲೋಟ ಕುಡಿದೆ.

ಸಂಜೆ ಕೇಂದ್ರದಲ್ಲಿ ಟ್ರಸ್ಟಿನವರ ಮುಂದೆ ತೋರಿಸಿದೆ. ಐದಾರು ಸಲ ಹೆಸರು ಬದಲಿಸಿ ನೋಡಿದರು. ಮೈಲಾರಿ, "ಇನ್ನ ನಾ ಹಲಗಿಗೆ ಹೋಗೂದಿಲ್ರಿ ಸರ" ಎಂದ. ಯೋಚಿಸಿ ಹೇಳುತ್ತೇವೆ ಎಂದರು.

ಏಪ್ರಿಲ್ 14, ಸೋಮವಾರ

ಜಯಂತಿ, ರಜೆ. ಅತ್ತೆ ಬಿಳಿ ಖಾದಿ ಸೀರೆ ಉಟ್ಟು ಮುಂಜಾನೆಯೇ ತಯಾರು. ಮೆರವಣಿಗೆಯಲ್ಲಿ ಅವರ ಗರಗದ ಗೆಳತಿಯರು ಸಿಕ್ಕರು, ನನ್ನನ್ನು ತೋರಿಸಿ "ನಮ್ಮ ಸೊಸಿ. ಹುಬ್ಬಳ್ಯಾಗ ವಿಕೆಟ್ ತಗೀತಾಳ" ಎಂದು ಪರಿಚಯ ಮಾಡಿದರು. ಬಿಸಿಲು. ದಾರಿಯಲ್ಲಿ ಯಾರೋ ಪಾನಕ ಕೊಡುತ್ತಿದ್ದರು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು, ಏಲಕ್ಕಿ ಸರಿಯಾಗಿತ್ತು.

ಏಪ್ರಿಲ್ 16, ಬುಧವಾರ

ಬಸ್ಸಿನಲ್ಲಿ ಓದುತ್ತ ಇಳಿಯುವ ಸ್ಟಾಪು ದಾಟಿಹೋಯಿತು. ಆಫೀಸಿಗೆ ತಡ. ಕಪಿಲ ತಡವಾದದ್ದಕ್ಕೆ ಬೈಯಲಿಲ್ಲ. "ನಿಂತ್ರಿ ಮೇಡಂ" ಎಂದ. ನನಗೆ ಮೊದಲು ತಿಳಿಯಲಿಲ್ಲ, ಕುರ್ಚಿ ಇಲ್ಲವೆಂದು ಹೇಳುತ್ತಿದ್ದಾನೆಂದುಕೊಂಡೆ. ಟ್ರಸ್ಟಿನವರು ಒಪ್ಪಿದ್ದಾರೆ. ಮೇ ತಿಂಗಳಿಂದ ಕಾಯಂ. ಫರಾಜ ಬೇಕರಿಯಿಂದ ಬಿಸಿ ಬನ್ನು ತರಿಸಿದ.

ಕಲಿತದ್ದು: ಇವತ್ತು ಹೊಸದೇನೂ ಇಲ್ಲ. ನಾಳೆಯಿಂದ ಔಷಧಿ ಅಂಗಡಿಯ ಕೆಲಸ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಏನೋ ಹುಡುಕುತ್ತಿದ್ದರು.

"ಆ ಬಾಟ್ಲಿ ಎಲ್ಲೈತಿ? ಗೆರಿದು. ನಾಕೈದ ದಿನಾ ಆತು, ಕಾಣವಲ್ದು."

ಚೀಲ ನೋಡಿದೆ. ಇರಲಿಲ್ಲ. ಎಲ್ಲಿ ಬಿಟ್ಟೆ ಎಂದು ನೆನಪಿಸಿಕೊಳ್ಳುತ್ತ ನಿಂತೆ. ಕೇಂದ್ರದ ಮೆಟ್ಟಿಲು ನೆನಪಾಯಿತು. ಅಂದಿನಿಂದ ಯಾವುದರಲ್ಲಿ ಕುಡಿಯುತ್ತಿದ್ದೇನೆ, ಎಷ್ಟು, ಹೇಳಲು ಆಗಲಿಲ್ಲ.

"ಕಳದೈತಿ ಬಿಡ್ರಿ" ಎಂದೆ.

ಅತ್ತೆ ಹರವಿಯ ಮೇಲಿನ ತಟ್ಟೆ ಸರಿಸಿ ತಂಬಿಗೆ ತುಂಬಿ ನನ್ನ ಮುಂದೆ ಇಟ್ಟು, ಉಳ್ಳಾಗಡ್ಡಿ ಹೆಚ್ಚಲು ಕೂತರು.